ಬಿಎಸ್ಸಿ ಜೀವಶಾಸ್ತ್ರದ ಕೊನೆಯ ವರ್ಷದಲ್ಲಿ ಏನು ಕಲಿಸುತ್ತಾರೆ? ಅಥಣಿ ರಸ್ತೆಯ ಜೋಳ, ದ್ರಾಕ್ಷಿ ಮತ್ತು ರಕ್ತದ ಗುಂಪು ಕೊಡುವ ಉತ್ತರ

"ನೀಟ್‌ನಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಬಿಎಸ್ಸಿ." "ಬಾಟನಿ, ಝೂವಾಲಜಿ ಅಂದ್ರೆ ಹೆಸರು ಬಾಯಿಪಾಠ ಮಾಡೋದು, ಚಿತ್ರ ಬಿಡಿಸೋದು." ಪಿಯುಸಿ ಫಲಿತಾಂಶ ಬಂದಾಗ ಪ್ರತಿ ವರ್ಷ ಕೇಳಿಬರುವ ಮಾತುಗಳಿವು. ಇವುಗಳನ್ನು ನಂಬಿ ಕೆಲವರು ಈ ಪದವಿಯ ಹತ್ತಿರವೇ ಹೋಗುವುದಿಲ್ಲ. ಇನ್ನು ಕೆಲವರು ಸೇರಿ ಮೂರು ವರ್ಷ ಅದನ್ನು ಬಾಯಿಪಾಠದ ವಿಷಯವೆಂದೇ ಓದಿ ಮುಗಿಸುತ್ತಾರೆ. ಎರಡರಲ್ಲೂ ನಷ್ಟ ವಿದ್ಯಾರ್ಥಿಯದೇ.

ವಿಜಯಪುರದಿಂದ ಅಥಣಿಗೆ ಹೋಗುವ ರಸ್ತೆಯಲ್ಲಿ ಊರು ದಾಟುತ್ತಿದ್ದಂತೆ ತೊರವಿ ಬರುತ್ತದೆ. ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಜ್ಞಾನಶಕ್ತಿ ಆವರಣ ಇರುವುದು ಅಲ್ಲಿಯೇ. 2003ರಲ್ಲಿ ಆರಂಭವಾದ ಇದು ಮಹಿಳೆಯರಿಗಾಗಿಯೇ ಇರುವ ರಾಜ್ಯದ ವಿಶ್ವವಿದ್ಯಾಲಯ. ಉತ್ತರ ಕರ್ನಾಟಕದ ಹಲವು ಮಹಿಳಾ ಪದವಿ ಕಾಲೇಜುಗಳು ಇದರ ವ್ಯಾಪ್ತಿಗೆ ಬರುತ್ತವೆ. ಜಿಲ್ಲೆಯ ಸಹಶಿಕ್ಷಣದ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ತಿಕೋಟಾ. ಸುತ್ತಲೂ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು, ಬಿಳಿಜೋಳದ ಎರೆಹೊಲ. ಬಬಲೇಶ್ವರದ ಕಡೆಗೂ ನೋಟ ಹೆಚ್ಚು ಬೇರೆಯಲ್ಲ. ಪದವಿಯ ಕೊನೆಯ ಸೆಮಿಸ್ಟರ್‌ಗಳಲ್ಲಿ ಕಲಿಸುವ ಬಹುತೇಕ ಸಂಗತಿಗಳಿಗೆ ಈ ರಸ್ತೆಯ ಎರಡೂ ಬದಿಯಲ್ಲಿ ಉದಾಹರಣೆ ಸಿಗುತ್ತದೆ. ಅವುಗಳನ್ನೇ ಹಿಡಿದು ಒಂದೊಂದು ವಿಷಯವನ್ನೂ ನೋಡೋಣ.

ಮೊದಲು, ಪದವಿಯ ಚೌಕಟ್ಟು

ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದ್ಧತಿ ಜಾರಿಗೆ ಬಂದಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ, ಅಂದರೆ ಆರು ಸೆಮಿಸ್ಟರ್‌ಗಳ ಪದವಿಗೆ ಮರಳಿತು. ಹೀಗಾಗಿ ನಿಮ್ಮ ಅಕ್ಕ ಓದಿದ ಪಠ್ಯಕ್ರಮ ಮತ್ತು ನೀವು ಓದುವ ಪಠ್ಯಕ್ರಮದ ಪತ್ರಿಕೆಗಳ ಹೆಸರು ಬೇರೆ ಇರಬಹುದು. ಕಾಲೇಜಿಗೆ ಸೇರುವ ಮೊದಲು ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ಈ ಸಾಲಿನ ಪಠ್ಯಕ್ರಮವನ್ನು ಇಳಿಸಿಕೊಂಡು ನೋಡುವುದು ಒಳ್ಳೆಯದು.

ಹೆಸರು ಏನೇ ಇರಲಿ, ಒಳಗಿನ ಹೂರಣ ಹೆಚ್ಚು ಬದಲಾಗುವುದಿಲ್ಲ. ಮೊದಲ ಎರಡು ವರ್ಷ ಬಹುಪಾಲು ಪರಿಚಯದ ಪಾಠ: ಪಾಚಿ, ಶಿಲೀಂಧ್ರ, ಅಕಶೇರುಕ, ಕಶೇರುಕ, ಜೀವಕೋಶದ ರಚನೆ. ಇಲ್ಲಿ "ಇದು ಏನು?" ಎಂಬ ಪ್ರಶ್ನೆ ಮುಖ್ಯ. ಕೊನೆಯ ವರ್ಷಕ್ಕೆ ಬಂದಾಗ ಪ್ರಶ್ನೆ ಬದಲಾಗುತ್ತದೆ. "ಇದು ಹೇಗೆ ನಡೆಯುತ್ತದೆ? ಹಾಗೆಂದು ನಮಗೆ ಹೇಗೆ ಗೊತ್ತು?" ಎಂದು ಕೇಳಬೇಕಾಗುತ್ತದೆ. ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ತಳಿವಿಜ್ಞಾನ, ಅಣುಜೀವಶಾಸ್ತ್ರ, ರೋಗನಿರೋಧಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ವಿಕಾಸ, ಪರಿಸರಶಾಸ್ತ್ರ, ಜೀವಸಂಖ್ಯಾಶಾಸ್ತ್ರ ಎಲ್ಲವೂ ಈ ಎರಡನೇ ಗುಂಪಿಗೆ ಸೇರುತ್ತವೆ.

ಜೀವರಸಾಯನಶಾಸ್ತ್ರ: ಎಳೆ ಜೋಳ ದನಕ್ಕೆ ಏಕೆ ವಿಷ?

ಎಳೆ ಜೋಳದ ಬೆಳೆಗೆ ದನ ಬಿಡಬಾರದು ಎಂದು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟು ಬಾಡಿದ ಬೆಳೆ, ಕೊಯ್ದ ಮೇಲೆ ಬರುವ ಕೂಳೆ ಚಿಗುರು ಇನ್ನೂ ಅಪಾಯ. ಕೆಲವರು ಇದನ್ನು ದೃಷ್ಟಿ ತಗಲುವುದು ಎಂದೂ, ಹಾವು ಮುಟ್ಟಿದ ಮೇವು ಎಂದೂ ವಿವರಿಸುತ್ತಾರೆ. ಜೀವರಸಾಯನಶಾಸ್ತ್ರದ ವಿವರಣೆ ಬೇರೆ.

ಜೋಳದ ಎಳೆ ಎಲೆಯಲ್ಲಿ ಧುರ್ರಿನ್ ಎಂಬ ವಸ್ತು ಇರುತ್ತದೆ. ಇದು ಸಕ್ಕರೆಗೆ ಅಂಟಿಕೊಂಡ ಸಯನೈಡ್ ಸಂಯುಕ್ತ. ಹಾಗೇ ಇದ್ದರೆ ಗಿಡಕ್ಕೆ ತೊಂದರೆಯಿಲ್ಲ, ಏಕೆಂದರೆ ಅದು ಎಲೆಯ ಹೊರಪದರದ ಕೋಶಗಳಲ್ಲಿರುತ್ತದೆ, ಅದನ್ನು ಒಡೆಯುವ ಕಿಣ್ವ ಒಳಗಿನ ಕೋಶಗಳಲ್ಲಿರುತ್ತದೆ. ಹಸು ಎಲೆ ಅಗಿದಾಗ ಎರಡೂ ಬೆರೆತು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಸಯನೈಡ್ ಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಅಂಟಿ ಅದರ ಕೆಲಸ ನಿಲ್ಲಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಕೋಶ ಮಾತ್ರ ಅದನ್ನು ಬಳಸಲಾರದು. ಅದಕ್ಕೇ ಇಂಥ ದನದ ರಕ್ತ ಕಡುಗೆಂಪಾಗಿರುತ್ತದೆ.

ಇದೇ ವಿವರಣೆಯಿಂದ ಪರಿಹಾರವೂ ಹೊರಡುತ್ತದೆ. ಮೇವನ್ನು ಚೆನ್ನಾಗಿ ಒಣಗಿಸಿದರೆ ಸಯನೈಡ್‌ನ ಬಹುಭಾಗ ಆವಿಯಾಗಿ ಹೋಗುತ್ತದೆ. ಬೆಳೆ ಬಲಿತಂತೆ ಧುರ್ರಿನ್ ಪ್ರಮಾಣವೂ ಇಳಿಯುತ್ತದೆ. ವಿಷವೇರಿದ ದನಕ್ಕೆ ಪಶುವೈದ್ಯರು ಕೊಡುವ ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಚುಚ್ಚುಮದ್ದು ಸಯನೈಡನ್ನು ಆ ಕಿಣ್ವದಿಂದ ಬಿಡಿಸಿ ನಿರುಪದ್ರವಿ ಮಾಡುತ್ತವೆ. ಮಂತ್ರ ಹಾಕಿಸಲು ಹೋಗಿ ಕಳೆದ ಅರ್ಧ ಗಂಟೆ ದನದ ಜೀವಕ್ಕೇ ಎರವಾಗಬಹುದು.

ಕಿಣ್ವ, ಶ್ವಾಸಕ್ರಿಯೆಯ ಎಲೆಕ್ಟ್ರಾನ್ ಸಾಗಣೆ, ಪ್ರತಿಬಂಧಕಗಳು ಎಂದು ಪಠ್ಯಪುಸ್ತಕದಲ್ಲಿ ಮೂರು ಬೇರೆ ಅಧ್ಯಾಯಗಳಿರುತ್ತವೆ. ಹೊಲದ ಬದುವಿನಲ್ಲಿ ಅವು ಒಂದೇ ಘಟನೆ.

ಸಸ್ಯಶರೀರಕ್ರಿಯೆ: ಬೀಜವಿಲ್ಲದ ದ್ರಾಕ್ಷಿ ಔಷಧದಿಂದ ಆಗುತ್ತದೆಯೇ?

"ಔಷಧ ಹೊಡೆದು ಬೀಜ ಇಲ್ಲದ ಹಾಗೆ ಮಾಡ್ತಾರೆ, ಅದನ್ನ ತಿಂದ್ರೆ ಮಕ್ಕಳಾಗಲ್ಲ" ಎಂಬ ಮಾತು ಬಹಳ ಹಳೆಯದು. ಇದರಲ್ಲಿ ಎರಡು ತಪ್ಪುಗಳಿವೆ.

ತಿಕೋಟಾ ಭಾಗದಲ್ಲಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ತಳಿಗಳಲ್ಲಿ ಬೀಜ ಇಲ್ಲದಿರುವುದು ವಂಶವಾಹಿಯ ಗುಣ. ಹೂವಿನಲ್ಲಿ ಪರಾಗಸ್ಪರ್ಶ ಆಗುತ್ತದೆ, ಭ್ರೂಣವೂ ಹುಟ್ಟುತ್ತದೆ. ಕೆಲವೇ ವಾರಗಳಲ್ಲಿ ಅದು ಬೆಳವಣಿಗೆ ನಿಲ್ಲಿಸಿ ಬಾಡುತ್ತದೆ, ಬೀಜದ ಗಟ್ಟಿ ಕವಚ ರೂಪುಗೊಳ್ಳುವುದಿಲ್ಲ. ಹಣ್ಣನ್ನು ಎಚ್ಚರದಿಂದ ಸೀಳಿ ನೋಡಿದರೆ ಮೆತ್ತಗಿನ ಸಣ್ಣ ಗುರುತು ಕಾಣುತ್ತದೆ. ಇದಕ್ಕೆ ಕಾರಣವಾದ ಬದಲಾವಣೆ ಎಜಿಎಲ್11 ಎಂಬ ಜೀನ್‌ನಲ್ಲಿದೆ ಎಂದು 2018ರ ಸಂಶೋಧನೆ ತೋರಿಸಿತು. ಆ ಜೀನ್ ಸೂಚಿಸುವ ಪ್ರೋಟೀನ್‌ನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಸಾಕು.

ಹಾಗಾದರೆ ಹೊಡೆಯುವ ಔಷಧ ಯಾವುದು? ಅದು ಜಿಬ್ಬರೆಲಿಕ್ ಆಮ್ಲ, ರೈತರ ಬಾಯಲ್ಲಿ "ಜಿಎ". ಸಸ್ಯಗಳಲ್ಲೇ ಸಹಜವಾಗಿ ಇರುವ ಹಾರ್ಮೋನು. ಇದರ ಕಥೆ ಶುರುವಾಗುವುದು ಜಪಾನಿನ ಭತ್ತದ ಗದ್ದೆಗಳಲ್ಲಿ. ಒಂದು ಶಿಲೀಂಧ್ರ ತಗುಲಿದ ಸಸಿಗಳು ಅತಿಯಾಗಿ ಉದ್ದ ಬೆಳೆದು ಬೀಳುತ್ತಿದ್ದವು. ಶಿಲೀಂಧ್ರ ಬಿಡುವ ಒಂದು ವಸ್ತುವೇ ಇದಕ್ಕೆ ಕಾರಣ ಎಂದು ಕುರೊಸಾವಾ 1926ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಹಣ್ಣು ದಪ್ಪಗಾಗಲು ಬೇಕಾದ ಸಂಕೇತ ಬೆಳೆಯುತ್ತಿರುವ ಬೀಜದಿಂದ ಬರುತ್ತದೆ. ಬೀಜ ಬೆಳೆಯದ ಹಣ್ಣಿಗೆ ಆ ಸಂಕೇತ ಕಡಿಮೆ, ಹಾಗಾಗಿ ಹಣ್ಣು ಸಣ್ಣದು. ಆ ಕೊರತೆಯನ್ನು ಜಿಎ ತುಂಬುತ್ತದೆ. ಅಂದರೆ ಔಷಧ ಬೀಜ ತೆಗೆಯುವುದಿಲ್ಲ, ಹಣ್ಣು ಹಿಗ್ಗಿಸುತ್ತದೆ. ಸಸ್ಯದ ಈ ಹಾರ್ಮೋನು ಮನುಷ್ಯನ ಸಂತಾನಶಕ್ತಿ ನಿಯಂತ್ರಿಸುವ ಹಾರ್ಮೋನುಗಳ ಸಾಲಿನದಲ್ಲ. ಬೀಜವಿಲ್ಲದ ಹಣ್ಣು ತಿಂದರೆ ಬಂಜೆತನ ಎಂಬುದು ಬರೀ ಹೋಲಿಕೆಯ ತರ್ಕ. ಕೀಟನಾಶಕದ ಉಳಿಕೆ ಬೇರೆಯೇ ಪ್ರಶ್ನೆ. ಅದಕ್ಕಾಗಿ ಹಣ್ಣನ್ನು ಚೆನ್ನಾಗಿ ತೊಳೆದೇ ತಿನ್ನಬೇಕು.

ಒಣದ್ರಾಕ್ಷಿ ಶೆಡ್ಡಿನಲ್ಲೂ ಇದೇ ಪತ್ರಿಕೆಯ ಪಾಠವಿದೆ. ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಹರಡುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲಿನ ಮೇಣದ ಪದರ ನೀರು ಹೊರಹೋಗದಂತೆ ತಡೆಯುತ್ತದೆ. ಅದ್ದಿದಾಗ ಆ ಮೇಣದ ಜೋಡಣೆ ಸಡಿಲವಾಗಿ ನೀರು ಬೇಗ ಆರುತ್ತದೆ. ಬೇಗ ಒಣಗಿದಷ್ಟೂ ಹಣ್ಣನ್ನು ಕಂದಾಗಿಸುವ ಪಾಲಿಫೀನಾಲ್ ಆಕ್ಸಿಡೇಸ್ ಕಿಣ್ವಕ್ಕೆ ಸಿಗುವ ಸಮಯ ಕಡಿಮೆ. ಹಸಿರು ಬಣ್ಣ ಉಳಿದು ಒಳ್ಳೆ ದರ ಸಿಗಲು ಇದೂ ಒಂದು ಕಾರಣ.

ಎರೆಹೊಲದ ಹಿಂಗಾರಿ ಜೋಳ ಕೇವಲ ನೆಲದ ತೇವದ ಮೇಲೆ ಬೆಳೆಯುವುದೂ ಇಲ್ಲಿಯ ಪಾಠವೇ. ಜೋಳ, ಕಬ್ಬು, ಗೋವಿನಜೋಳಗಳು ಸಿ4 ಸಸ್ಯಗಳು. ಇವು ಇಂಗಾಲದ ಡೈಆಕ್ಸೈಡನ್ನು ಮೊದಲೇ ಒಟ್ಟುಗೂಡಿಸಿ ಬಳಸುವುದರಿಂದ, ಅಷ್ಟೇ ಆಹಾರ ತಯಾರಿಸಲು ದ್ರಾಕ್ಷಿ, ಗೋಧಿ, ತೊಗರಿಯಂಥ ಸಿ3 ಸಸ್ಯಗಳಿಗಿಂತ ಕಡಿಮೆ ನೀರು ಸಾಕು. ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು 1966ರಲ್ಲಿ ವಿವರಿಸಿದರು. ಅದಕ್ಕೆ ಎಷ್ಟೋ ಮೊದಲು, 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾದ ಎಂ 35-1, ಅಂದರೆ ನಮ್ಮ ಮಾಲದಂಡಿ ಜೋಳ, ಇದೇ ಸೀಮೆಯ ಒಣನೆಲಕ್ಕೆ ಒಗ್ಗಿಕೊಂಡು ಬೆಳೆಯುತ್ತಿತ್ತು.

ವರ್ಗೀಕರಣ: ಹೆಸರು ತಪ್ಪಿದರೆ ಹಣವೂ ಹೋಗುತ್ತದೆ

ಬಾಯಿಪಾಠದ ವಿಷಯ ಎಂದು ಅತಿ ಹೆಚ್ಚು ಬೈಸಿಕೊಳ್ಳುವುದು ವರ್ಗೀಕರಣ. ದ್ರಾಕ್ಷಿ ಬೆಳೆಗಾರರನ್ನು ಕಾಡುವ ಎರಡು ರೋಗಗಳನ್ನು ನೋಡಿ. ಬೂದಿ ರೋಗ ನಿಜವಾದ ಶಿಲೀಂಧ್ರದಿಂದ ಬರುತ್ತದೆ. ಡೌನಿ ಅಥವಾ ಬೂಜು ತುಪ್ಪಟ ರೋಗ ತರುವ ಪ್ಲಾಸ್ಮೊಪಾರಾ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಅದು ಊಮೈಸೀಟ್ ಗುಂಪಿನದು, ಕಂದು ಪಾಚಿ ಮತ್ತು ಡಯಾಟಮ್‌ಗಳಿಗೆ ಹತ್ತಿರದ ಬಂಧು.

ಇದರಿಂದ ರೈತನಿಗೆ ಏನಾಗಬೇಕು? ಟ್ರಯಜೋಲ್ ಗುಂಪಿನ ಶಿಲೀಂಧ್ರನಾಶಕಗಳು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆಯುತ್ತವೆ. ಬೂದಿ ರೋಗಕ್ಕೆ ಅವು ಕೆಲಸ ಮಾಡುತ್ತವೆ. ಎರ್ಗೊಸ್ಟೆರಾಲನ್ನು ತಯಾರಿಸದ ಊಮೈಸೀಟ್‌ಗೆ ಅದೇ ಔಷಧ ಹೊಡೆದರೆ ಔಷಧವೂ ವ್ಯರ್ಥ, ಬೆಳೆಯೂ ಹೋಗುತ್ತದೆ. ಎಲೆಯ ಮೇಲ್ಭಾಗದಲ್ಲಿ ಬೂದಿಯೋ, ತಳಭಾಗದಲ್ಲಿ ಬಿಳಿ ತುಪ್ಪಟವೋ ಎಂದು ನೋಡಿ ಗುರುತಿಸುವುದು ಪ್ರಾಯೋಗಿಕ ಪರೀಕ್ಷೆಯಲ್ಲಿ ಕೆಲವೇ ಅಂಕದ ಪ್ರಶ್ನೆ, ತೋಟದಲ್ಲಿ ಒಂದು ಹಂಗಾಮಿನ ಪ್ರಶ್ನೆ.

ತಳಿವಿಜ್ಞಾನ: ಸಂಬಂಧದಲ್ಲಿ ಮದುವೆ ಮತ್ತು ಲೆಕ್ಕ

ಕೊನೆಯ ವರ್ಷದ ಪಾಠಗಳಲ್ಲಿ ಮನೆಗೆ ಅತಿ ಹತ್ತಿರವಾದದ್ದು ಇದು. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ಆಗುತ್ತದೆ. ಅಕ್ಕನ ಮಗಳು, ಸೋದರತ್ತೆಯ ಮಗ, ಸೋದರಮಾವನ ಮಗಳು ಎಂಬ ಸಂಬಂಧಗಳು ನಮ್ಮಲ್ಲಿ ಹೊಸದೇನಲ್ಲ. "ನಮ್ಮ ಮನೆತನದಲ್ಲಿ ಯಾರಿಗೂ ಆ ರೋಗ ಇಲ್ಲ, ಹಾಗಾದರೆ ಏನೂ ಆಗಲ್ಲ" ಎಂಬ ಸಮಾಧಾನವೂ ಹೊಸದಲ್ಲ.

ಆ ಸಮಾಧಾನ ಏಕೆ ಸಾಲದು ಎಂಬುದನ್ನು ಜನಸಮುದಾಯ ತಳಿವಿಜ್ಞಾನ ವಿವರಿಸುತ್ತದೆ. ಪ್ರತಿ ಜೀನ್‌ನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಅಪ್ರಬಲ ರೋಗಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ವ್ಯಕ್ತಿ ಆರೋಗ್ಯವಾಗಿಯೇ ಇರುತ್ತಾನೆ, ಎರಡೂ ಕೆಟ್ಟಾಗ ಮಾತ್ರ ರೋಗ ಕಾಣುತ್ತದೆ. ಅಂಥ ಒಂದು ಪ್ರತಿಯನ್ನಾದರೂ ಹೊತ್ತಿಲ್ಲದವರು ವಿರಳ. ಬಂಧುಗಳಲ್ಲಿ ಒಂದೇ ಅಜ್ಜ-ಅಜ್ಜಿಯಿಂದ ಬಂದ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಮಗುವಿನ ಎರಡೂ ಪ್ರತಿಗಳು ಹೀಗೆ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಸೋದರತ್ತೆ-ಸೋದರಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1, ಮಾವ-ಅಕ್ಕನ ಮಗಳ ಮದುವೆಯಲ್ಲಿ 8ರಲ್ಲಿ 1.

ಈಗ ತರಗತಿಯಲ್ಲಿ ಮಾಡಿಸುವ ಲೆಕ್ಕ. ಒಂದು ಜೀನ್‌ನ 100 ಪ್ರತಿಗಳಲ್ಲಿ 1 ಕೆಟ್ಟದ್ದು ಎಂದುಕೊಳ್ಳಿ. ಸಂಬಂಧವಿಲ್ಲದವರ ಮದುವೆಯಲ್ಲಿ ಆ ರೋಗದ ಮಗು ಹುಟ್ಟುವ ಸಾಧ್ಯತೆ 10,000ದಲ್ಲಿ 1. ಸೋದರಸಂಬಂಧಿಗಳ ಮದುವೆಯಲ್ಲಿ 10,000ದಲ್ಲಿ ಸುಮಾರು 7. ಮಾವ-ಸೊಸೆಯ ಸಂಬಂಧದಲ್ಲಿ ಸುಮಾರು 13.

ಈ ಸಂಖ್ಯೆಗಳನ್ನು ಎರಡೂ ಕಡೆಯಿಂದ ಓದಬೇಕು. ಅಪಾಯ ಹಲವು ಪಟ್ಟು ಹೆಚ್ಚುತ್ತದೆ ಎಂಬುದು ನಿಜ. ಆದರೂ ಇಂಥ ಮದುವೆಯ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ. ಯಾವುದೇ ಗರ್ಭದಲ್ಲಿ ಗಂಭೀರ ಜನ್ಮದೋಷದ ಸಾಧ್ಯತೆ ಸುಮಾರು ಶೇ. 2ರಿಂದ 3. ಸೋದರಸಂಬಂಧಿಗಳಲ್ಲಿ ಅದಕ್ಕೆ ಇನ್ನೂ ಸುಮಾರು ಶೇ. 2ರಿಂದ 3 ಸೇರುತ್ತದೆ. ಹೆದರಿಸುವವರು ಮೊದಲ ವಾಕ್ಯ ಮಾತ್ರ ಹೇಳುತ್ತಾರೆ, ಸಮಾಧಾನ ಮಾಡುವವರು ಎರಡನೆಯದು ಮಾತ್ರ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಒಬ್ಬ ಹುಡುಗಿ ಮನೆಯಲ್ಲಿದ್ದರೆ ಮದುವೆಯ ಮಾತುಕತೆಯ ರೀತಿಯೇ ಬೇರೆಯಾದೀತು. ಈಗಾಗಲೇ ಸಂಬಂಧದಲ್ಲಿ ಮದುವೆಯಾದವರು ಗರ್ಭಧಾರಣೆಗೆ ಮುನ್ನ ತಳಿ ಸಲಹೆ ಪಡೆಯುವುದು ಒಳ್ಳೆಯದು. ಮನೆಯಲ್ಲಿ ಕಿವುಡುತನ, ಬುದ್ಧಿಮಾಂದ್ಯ, ರಕ್ತದ ಕಾಯಿಲೆಯ ಮಗು ಹುಟ್ಟಿದ್ದರೆ ಇದು ಇನ್ನೂ ಮುಖ್ಯ.

ರೋಗನಿರೋಧಶಾಸ್ತ್ರ: ಗಂಡ-ಹೆಂಡತಿಯ ರಕ್ತದ ಗುಂಪು ಒಂದೇ ಇದ್ದರೆ?

ಏನೂ ಆಗುವುದಿಲ್ಲ. ಇಬ್ಬರದೂ ಒ ಪಾಸಿಟಿವ್ ಎಂಬ ಕಾರಣಕ್ಕೆ ಸಂಬಂಧ ಬಿಟ್ಟವರಿದ್ದಾರೆ, ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಗಮನಿಸಬೇಕಾದ್ದು ಆರ್‌ಎಚ್. ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆದರೆ, ಹೆರಿಗೆಯ ವೇಳೆ ಮಗುವಿನ ರಕ್ತಕಣಗಳು ತಾಯಿಯ ರಕ್ತ ಸೇರಿ ಆಕೆಯ ದೇಹ ಅವುಗಳ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗದು. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯಗಳು ನಾಶ ಮಾಡಬಹುದು. ಇದಕ್ಕೂ ತಡೆ ಇದೆ: ವೈದ್ಯರು ಹೇಳಿದ ಸಮಯಕ್ಕೆ ಆ್ಯಂಟಿ-ಡಿ ಚುಚ್ಚುಮದ್ದು. ಗರ್ಭಪಾತವಾದಾಗಲೂ ಇದು ಬೇಕಾಗುತ್ತದೆ. ಅನೇಕರು ಇದನ್ನೇ ಮರೆಯುತ್ತಾರೆ.

ಇದೇ ಪಾಠದಲ್ಲಿ ಬಾಂಬೆ ರಕ್ತದ ಗುಂಪಿನ ಕಥೆಯೂ ಬರುತ್ತದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಇದನ್ನು ಮೊದಲು ವರದಿ ಮಾಡಿದರು. ಈ ಗುಂಪಿನವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ ಒ ಎಂದೇ ಕಾಣುತ್ತದೆ. ಆದರೆ ಎ, ಬಿ ಎರಡಕ್ಕೂ ತಳಹದಿಯಾದ ಎಚ್ ಪ್ರತಿಜನಕವೇ ಅವರಲ್ಲಿ ಇರುವುದಿಲ್ಲ, ಹಾಗಾಗಿ ಒ ರಕ್ತ ಕೊಟ್ಟರೂ ಅಪಾಯ. ಒಂದು ಜೀನ್ ಇನ್ನೊಂದರ ಪರಿಣಾಮವನ್ನು ಮರೆಮಾಡುವುದಕ್ಕೆ ಪಠ್ಯದಲ್ಲಿ ಎಪಿಸ್ಟಾಸಿಸ್ ಎನ್ನುತ್ತಾರೆ. ರಕ್ತ ಕೊಡುವ ಮುನ್ನ ದಾನಿ ಮತ್ತು ರೋಗಿಯ ರಕ್ತ ಬೆರೆಸಿ ಪರೀಕ್ಷಿಸುವ ಕ್ರಮ ಏಕೆ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಸೂಕ್ಷ್ಮಜೀವಶಾಸ್ತ್ರ: ದೇಹಕ್ಕೆ ಔಷಧ ಒಗ್ಗಿಹೋಗುತ್ತದೆಯೇ?

ಆ್ಯಂಟಿಬಯಾಟಿಕ್ ಕೆಲಸ ಮಾಡದಿದ್ದಾಗ "ದೇಹಕ್ಕೆ ಒಗ್ಗಿಬಿಟ್ಟಿದೆ" ಎನ್ನುತ್ತೇವೆ. ನಿಜವಾಗಿ ಬದಲಾಗಿರುವುದು ನಮ್ಮ ದೇಹವಲ್ಲ, ಬ್ಯಾಕ್ಟೀರಿಯ. ಅದೂ ಔಷಧ ನೋಡಿ ಪಾಠ ಕಲಿತು ಬದಲಾಗುವುದಿಲ್ಲ. ಲೂರಿಯಾ ಮತ್ತು ಡೆಲ್ಬ್ರೂಕ್ 1943ರಲ್ಲಿ ಮಾಡಿದ ಪ್ರಯೋಗವನ್ನು ಕೊನೆಯ ವರ್ಷದ ವಿದ್ಯಾರ್ಥಿಗಳು ಓದುತ್ತಾರೆ. ಬ್ಯಾಕ್ಟೀರಿಯವನ್ನು ಕೊಲ್ಲುವ ವೈರಸ್‌ಗೆ ನಿರೋಧ ತೋರುವ ರೂಪಾಂತರಗಳು ವೈರಸ್ ಎದುರಾಗುವ ಮೊದಲೇ, ತಾವಾಗಿಯೇ ಹುಟ್ಟಿರುತ್ತವೆ ಎಂದು ಅವರು ತೋರಿಸಿದರು. ಔಷಧದ ವಿಷಯದಲ್ಲೂ ಹೀಗೇ. ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಕೆಲವು ಮೊದಲೇ ನಿರೋಧಕವಾಗಿರುತ್ತವೆ. ಔಷಧ ಉಳಿದವನ್ನು ಕೊಂದು ಇವುಗಳಿಗೆ ಜಾಗ ಮಾಡಿಕೊಡುತ್ತದೆ.

ಈ ಭಾಗದ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿ ರೋಗ ಪರಿಚಿತ. ಅದಕ್ಕೆ ಸಿಂಪಡಿಸುತ್ತ ಬಂದ ಸ್ಟ್ರೆಪ್ಟೊಸೈಕ್ಲಿನ್‌ನಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಇವೆ. ಎರಡೂ ಮನುಷ್ಯರ ಚಿಕಿತ್ಸೆಗೂ ಬಳಸುವ ಔಷಧಗಳೇ. ತೋಟದಲ್ಲಿ ಆಯ್ಕೆಯಾದ ನಿರೋಧಕ ಜೀನ್ ತೋಟದಲ್ಲೇ ಉಳಿಯಬೇಕೆಂದಿಲ್ಲ, ಬ್ಯಾಕ್ಟೀರಿಯಗಳು ಜೀನ್‌ಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವುದೂ ಇದೇ ಆಯ್ಕೆಯನ್ನು ನಡೆಸುತ್ತದೆ.

ವಿಕಾಸ: ಮಂಗನಿಂದ ಮಾನವ?

2023ರಲ್ಲಿ ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ಹಾಗಾಗಿ ಆ ಪುಸ್ತಕ ಓದಿ ಬಂದವರಿಗೆ ಪಿಯುಸಿ ಮತ್ತು ಪದವಿಯೇ ವಿಕಾಸವನ್ನು ಸರಿಯಾಗಿ ಓದುವ ಅವಕಾಶ. ಈಗಿನ ಮಂಗ ಮನುಷ್ಯನಾಗಲಿಲ್ಲ. ಮಂಗಗಳಿಗೂ ನಮಗೂ ಬಹಳ ಹಿಂದೆ ಸಾಮಾನ್ಯ ಪೂರ್ವಜರಿದ್ದರು. "ಹಾಗಾದರೆ ಮಂಗಗಳು ಇನ್ನೂ ಏಕೆ ಇವೆ?" ಎಂಬ ಪ್ರಶ್ನೆ ನಿಮ್ಮ ದೊಡ್ಡಪ್ಪನ ಮಕ್ಕಳು ಇನ್ನೂ ಏಕೆ ಇದ್ದಾರೆ ಎಂದು ಕೇಳಿದಂತೆ. ಮೇಲೆ ಹೇಳಿದ ನಿರೋಧಕ ಬ್ಯಾಕ್ಟೀರಿಯ ಕೂಡ ವಿಕಾಸವೇ. ಅದು ನಡೆಯಲು ಲಕ್ಷ ವರ್ಷ ಬೇಕಿಲ್ಲ, ಒಂದು ವಾರ ಸಾಕು.

ಅಣುಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಪರಿಸರಶಾಸ್ತ್ರ

ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಪದ ಎಲ್ಲರ ಬಾಯಲ್ಲೂ ಇತ್ತು. ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ಪಿಸಿಆರ್ ಡಿಎನ್‌ಎಯ ಒಂದು ತುಣುಕನ್ನು ಪ್ರತಿ ಸುತ್ತಿನಲ್ಲೂ ಎರಡರಷ್ಟು ಮಾಡುತ್ತದೆ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಅಣುಜೀವಶಾಸ್ತ್ರದ ಪ್ರಯೋಗಗಳಲ್ಲಿ ಡಿಎನ್‌ಎ ಬೇರ್ಪಡಿಸುವುದು, ಜೆಲ್‌ನಲ್ಲಿ ಓಡಿಸುವುದು ಸಾಮಾನ್ಯ. ಉಪಕರಣವಿಲ್ಲದ ಕಾಲೇಜುಗಳಲ್ಲಿ ಇದನ್ನು ಚಿತ್ರದಲ್ಲೇ ತೋರಿಸಿ ಮುಗಿಸುವುದೂ ಉಂಟು. ಸೇರುವ ಮೊದಲು ಪ್ರಯೋಗಾಲಯವನ್ನು ಒಮ್ಮೆ ನೋಡಲು ಕೇಳಿ. ಅದು ನಿಮ್ಮ ಹಕ್ಕು.

"ಗಣಿತ ಬೇಡವೆಂದೇ ಬಯಾಲಜಿ ತಗೊಂಡೆ" ಎನ್ನುವವರಿಗೆ ಜೀವಸಂಖ್ಯಾಶಾಸ್ತ್ರ ಅಚ್ಚರಿ ತರುತ್ತದೆ. ಸರಾಸರಿ, ವ್ಯತ್ಯಯ, ಕೈ-ಸ್ಕ್ವೇರ್ ಪರೀಕ್ಷೆ ಇಲ್ಲಿ ಕಡ್ಡಾಯ. ಇದರ ಲಾಭ ದಿನನಿತ್ಯ ಸಿಗುತ್ತದೆ. "ಈ ಕಷಾಯ ಕುಡಿದ ಹತ್ತು ಜನರಿಗೆ ಜ್ವರ ಹೋಯಿತು" ಎಂಬ ವಾಟ್ಸ್ಆ್ಯಪ್ ಸಂದೇಶ ಬಂದಾಗ "ಕುಡಿಯದ ಹತ್ತು ಜನರಿಗೆ ಏನಾಯಿತು?" ಎಂದು ಕೇಳುವ ಅಭ್ಯಾಸ ಇಲ್ಲಿ ಬೆಳೆಯುತ್ತದೆ. ಹೆಚ್ಚಿನ ವೈರಲ್ ಜ್ವರಗಳು ತಾವಾಗಿಯೇ ಇಳಿಯುತ್ತವೆ.

ಪರಿಸರಶಾಸ್ತ್ರಕ್ಕೆ ಹೊರಗೆ ಹೋಗಬೇಕು. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ಚೌಕಟ್ಟು ಹಾಕಿ ಗಿಡಗಳನ್ನು ಎಣಿಸುವುದು, ಹಕ್ಕಿಗಳನ್ನು ಪಟ್ಟಿ ಮಾಡುವುದು, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವುದು ಇಂಥ ಜಾಗದಲ್ಲಿ ಕಲಿಯುವ ಕೆಲಸ. "ಮರವಿಲ್ಲದ ನೆಲ ಪಾಳುನೆಲ" ಎಂಬ ನಂಬಿಕೆಯನ್ನೂ ಇಲ್ಲೇ ಪರೀಕ್ಷಿಸಬಹುದು. ಒಣಸೀಮೆಯ ಹುಲ್ಲುಗಾವಲು ತನ್ನದೇ ಜೀವಿಗಳಿರುವ ಪೂರ್ಣ ವ್ಯವಸ್ಥೆ. ಎಲ್ಲಿ ಮರ ನೆಡಬೇಕು, ಎಲ್ಲಿ ಹುಲ್ಲನ್ನು ಹುಲ್ಲಾಗಿಯೇ ಬಿಡಬೇಕು ಎಂಬುದಕ್ಕೆ ಎಣಿಕೆಯ ಆಧಾರ ಬೇಕು.

ಪದೇ ಪದೇ ಕೇಳುವ ಪ್ರಶ್ನೆಗಳು

*ಕಪ್ಪೆ, ಜಿರಳೆ ಕೊಯ್ಯಬೇಕೇ?*
ಬೇಕಿಲ್ಲ. ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪ್ರಾಣಿ ಛೇದನವನ್ನು ಕೈಬಿಡುವಂತೆ ಯುಜಿಸಿ 2014ರಲ್ಲಿ ಸೂಚಿಸಿತು. ಮಾದರಿ, ಚಿತ್ರ, ಕಂಪ್ಯೂಟರ್ ತಂತ್ರಾಂಶಗಳಲ್ಲಿ ಕಲಿಸುತ್ತಾರೆ.

*ಬಿಎಸ್ಸಿ ಮುಗಿಸಿದರೆ ರಕ್ತಪರೀಕ್ಷೆಯ ಲ್ಯಾಬ್ ತೆರೆಯಬಹುದೇ?*
ಸಾಧ್ಯವಿಲ್ಲ. ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞರಾಗಲು ಅದಕ್ಕೇ ಮೀಸಲಾದ ಡಿಪ್ಲೊಮಾ ಅಥವಾ ಪದವಿ ಬೇಕು. ಸೇರುವ ಮುನ್ನವೇ ಈ ವ್ಯತ್ಯಾಸ ತಿಳಿದಿರಲಿ.

*ಹಾಗಾದರೆ ಮುಂದೆ ದಾರಿ ಏನು?*
ಬಿ.ಇಡಿ. ಮಾಡಿ ಶಿಕ್ಷಕರಾಗಬಹುದು. ಎಂಎಸ್ಸಿ ಮಾಡಿ ಅಧ್ಯಾಪನ, ಸಂಶೋಧನೆಗೆ ಹೋಗಬಹುದು. ಜ್ಯಾಮ್ ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯುಕ್ತ ಪಿಎಚ್‌.ಡಿ.ಗೆ ಪ್ರಯತ್ನಿಸಬಹುದು. ಸಿಯುಇಟಿ-ಪಿಜಿ ಮೂಲಕ ಕೇಂದ್ರೀಯ ವಿಶ್ವವಿದ್ಯಾಲಯಗಳ ಬಾಗಿಲೂ ಇದೆ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಪದವೀಧರರು ಅರ್ಹರು. ಇವುಗಳಲ್ಲಿ ಯಾವುದೂ ತಾನಾಗಿಯೇ ಸಿಗುವುದಿಲ್ಲ. ಪ್ರವೇಶ ಪರೀಕ್ಷೆಗಳ ತಯಾರಿ ಐದನೇ ಸೆಮಿಸ್ಟರ್‌ನಲ್ಲೇ ಶುರುವಾಗಬೇಕು.

*ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟವೇ?*
ಮೊದಲ ವರ್ಷ ಕಷ್ಟವಾಗುತ್ತದೆ, ಏಕೆಂದರೆ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಒಂದು ಉಪಾಯ ಹೇಳುತ್ತೇವೆ: ಪ್ರತಿ ಪಾಠವನ್ನೂ ಮೊದಲು ಕನ್ನಡದಲ್ಲಿ ಮನೆಯ ಒಬ್ಬರಿಗೆ ವಿವರಿಸಿ. ಎಳೆ ಜೋಳದ ಕಥೆ ಅಜ್ಜನಿಗೆ ಅರ್ಥವಾಗುವಂತೆ ಹೇಳಲು ಬಂದರೆ ಎಲೆಕ್ಟ್ರಾನ್ ಸಾಗಣೆ ನಿಮಗೆ ಅರ್ಥವಾಗಿದೆ ಎಂದೇ ಲೆಕ್ಕ. ಇಂಗ್ಲಿಷ್ ಪದಗಳನ್ನು ಅದರ ಮೇಲೆ ಕೂರಿಸುವುದು ಸುಲಭ.

*ನೀಟ್ ಸಿಗದವರಿಗೇ ಈ ಪದವಿಯೇ?*
ಹಾಗೆ ಬಂದವರು ಅನೇಕರಿದ್ದಾರೆ, ಅದರಲ್ಲಿ ಕೀಳೇನಿಲ್ಲ. ಆದರೆ ವೈದ್ಯರು ಮತ್ತು ಜೀವವಿಜ್ಞಾನಿಗಳ ಕೆಲಸ ಬೇರೆ ಬೇರೆ. ವೈದ್ಯರ ಮುಂದೆ ಇರುವುದು ಒಬ್ಬ ರೋಗಿ. ಆ ರೋಗಿಗೆ ಕೊಡುವ ಔಷಧ ಏಕೆ ಕೆಲಸ ಮಾಡುತ್ತದೆ, ಯಾವಾಗ ನಿಲ್ಲಿಸುತ್ತದೆ, ಅದೇ ಬ್ಯಾಕ್ಟೀರಿಯ ತೋಟದಿಂದ ಬಂದದ್ದೇ ಎಂಬ ಪ್ರಶ್ನೆಗಳು ಜೀವವಿಜ್ಞಾನದವು. ಅವುಗಳಲ್ಲಿ ಆಸಕ್ತಿ ಇದ್ದವರು ಯಾವ ಅಂಕದೊಂದಿಗೆ ಬಂದರೂ ಈ ಮೂರು ವರ್ಷ ವ್ಯರ್ಥವಾಗುವುದಿಲ್ಲ.

ಕೊನೆಯದಾಗಿ

ಪಠ್ಯಕ್ರಮ ಮತ್ತೆ ಬದಲಾಗಬಹುದು, ಪತ್ರಿಕೆಗಳ ಹೆಸರೂ ಬದಲಾಗಬಹುದು. ಕೊನೆಯ ವರ್ಷದ ವಿದ್ಯಾರ್ಥಿ ತನ್ನನ್ನು ಪರೀಕ್ಷಿಸಿಕೊಳ್ಳಲು ಒಂದು ಸರಳ ದಾರಿಯಿದೆ. ಊರಿನಲ್ಲಿ ಜನ ನಂಬುವ ಒಂದು ಮಾತನ್ನು ಆರಿಸಿಕೊಳ್ಳಿ. ಅದು ಸರಿಯೋ ತಪ್ಪೋ ಎಂದು ತಿಳಿಯಲು ಯಾವ ಪ್ರಯೋಗ ಮಾಡಬೇಕು, ಯಾವುದರೊಂದಿಗೆ ಹೋಲಿಸಬೇಕು, ಎಷ್ಟು ಎಣಿಸಬೇಕು ಎಂದು ಒಂದು ಪುಟದಲ್ಲಿ ಬರೆಯಿರಿ. ಬರೆಯಲು ಬಂದರೆ ನೀವು ಜೀವಶಾಸ್ತ್ರ ಕಲಿತಿದ್ದೀರಿ. ಬಾರದಿದ್ದರೆ ಅಂಕಪಟ್ಟಿ ಏನೇ ಹೇಳಲಿ, ಇನ್ನೂ ಕಲಿಯುವುದಿದೆ. ಅದಕ್ಕೆ ಬೇಕಾದ ಜೋಳ, ದ್ರಾಕ್ಷಿ, ಕೆರೆ ಎಲ್ಲವೂ ಅಥಣಿ ರಸ್ತೆಯ ಸುತ್ತಮುತ್ತ ಇದ್ದೇ ಇವೆ.